ಸೂರ್ಯನ ದೂರವನ್ನು ಅಳೆದ ಬಗೆ: ಹದಿನೆಂಟನೆಯ ಶತಮಾನದ ಎರಡು ಶುಕ್ರಸಂಕ್ರಮಣಗಳು

ಸೂರ್ಯನು ಭೂಮಿಯಿಂದ ಎಷ್ಟು ದೂರದಲ್ಲಿದ್ದಾನೆ ಎಂದು ಕೇಳಿದರೆ, ಪ್ರೌಢಶಾಲೆಯ ವಿದ್ಯಾರ್ಥಿಯು ‘ಸುಮಾರು ೧೫ ಕೋಟಿ ಕಿಲೋಮೀಟರು’ ಎಂದು ತಡವರಿಸದೆ ಉತ್ತರಿಸುವನು. ಪಠ್ಯಪುಸ್ತಕದಲ್ಲಿ ಅರ್ಧ ಪಂಕ್ತಿಯಷ್ಟು ಸ್ಥಳವನ್ನೂ ಹಿಡಿಯದ ಈ ಸಂಖ್ಯೆಯನ್ನು ಮನುಷ್ಯನು ಸಂಪಾದಿಸಿದುದು ಹೇಗೆ? ಹಗ್ಗ ಹಿಡಿದು ಅಳೆಯಲಾಗದ, ಸಮೀಪಕ್ಕೆ ಸುಳಿಯಲೂ ಆಗದ ವಸ್ತುವೊಂದರ ದೂರವನ್ನು ನೆಲದ ಮೇಲೆ ನಿಂತುಕೊಂಡೇ ಗೊತ್ತುಮಾಡಿದವರು ಯಾರು? ಈ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕುತ್ತ ಹೋದರೆ ನಾವು ಹದಿನೆಂಟನೆಯ ಶತಮಾನದ ಉತ್ತರಾರ್ಧವನ್ನು ತಲಪುತ್ತೇವೆ. ೧೭೬೧ ಮತ್ತು ೧೭೬೯ನೆಯ ಇಸವಿಗಳಲ್ಲಿ ಶುಕ್ರಗ್ರಹವು ಸೂರ್ಯಬಿಂಬದ ಮುಂದೆ ಹಾದುಹೋದ ಕೆಲವೇ ಗಂಟೆಗಳ ಕಾಲವನ್ನು ಅಳೆಯುವುದಕ್ಕಾಗಿ ಯೂರೋಪಿನ ವಿದ್ವಾಂಸರು ಭೂಮಂಡಲದ ಮೂಲೆಮೂಲೆಗಳಿಗೆ ಪ್ರಯಾಣ ಮಾಡಿದರು. ಅವರು ಹಿಡಿದ ಗಣಿತದ ದಾರಿಯನ್ನೂ, ಪಟ್ಟ ಪಾಡನ್ನೂ, ಪಡೆದ ಫಲವನ್ನೂ ಸಂಗ್ರಹವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಅಳತೆಯಿಲ್ಲದ ನಕ್ಷೆ

ಗ್ರಹಗಳು ಸೂರ್ಯನನ್ನು ಸುತ್ತುವ ಕಾಲಕ್ಕೂ ಅವುಗಳ ದೂರಕ್ಕೂ ಇರುವ ನಿಯತವಾದ ಸಂಬಂಧವನ್ನು ಜರ್ಮನಿಯ ಕೆಪ್ಲರನು ೧೬೧೯ರಲ್ಲಿ ಪ್ರಕಟಿಸಿದನು. ಇದನ್ನೇ ನಾವು ಕೆಪ್ಲರನ ಮೂರನೆಯ ನಿಯಮವೆಂದು ಓದುತ್ತೇವೆ. ಈ ನಿಯಮದಿಂದ ಗ್ರಹಗಳ ದೂರಗಳ ಪ್ರಮಾಣವು ಚೆನ್ನಾಗಿ ತಿಳಿದುಬಂದಿತು. ಭೂಮಿಗೂ ಸೂರ್ಯನಿಗೂ ನಡುವಣ ದೂರವನ್ನು ೧೦೦ ಭಾಗಗಳೆಂದು ಇಟ್ಟುಕೊಂಡರೆ ಶುಕ್ರನು ಸೂರ್ಯನಿಂದ ಸುಮಾರು ೭೨ ಭಾಗಗಳ ದೂರದಲ್ಲಿದ್ದಾನೆ. ಆದರೆ ಒಂದು ಭಾಗವೆಂದರೆ ಎಷ್ಟು ಮೈಲಿ? ಅದು ಮಾತ್ರ ತಿಳಿದಿರಲಿಲ್ಲ. ಸೌರವ್ಯೂಹದ ನಕ್ಷೆಯು ಕೈಯಲ್ಲಿದ್ದರೂ ಅದರ ಅಂಚಿನಲ್ಲಿ ಇರಬೇಕಾದ ಅಳತೆಯ ಪಟ್ಟಿಯು ಹರಿದುಹೋಗಿದ್ದಂತಿತ್ತು. ಯಾವುದಾದರೂ ಒಂದೇ ಒಂದು ದೂರವು ಮೈಲಿಗಳಲ್ಲಿ ದೊರೆತರೆ ಸಾಕು, ಉಳಿದುವೆಲ್ಲವೂ ತ್ರೈರಾಶಿಯ ಲೆಕ್ಕದಿಂದಲೇ ದೊರೆಯುವಂತಿದ್ದುವು.

೧೬೭೨ರಲ್ಲಿ ಕ್ಯಾಸಿನಿಯು ಪ್ಯಾರಿಸಿನಿಂದಲೂ ರಿಷೆಯು ದಕ್ಷಿಣ ಅಮೆರಿಕದ ಕೇಯೆನ್ನಿನಿಂದಲೂ ಮಂಗಳಗ್ರಹವನ್ನು ಏಕಕಾಲದಲ್ಲಿ ನೋಡಿ ಒಂದು ಉತ್ತರವನ್ನು ಪಡೆದಿದ್ದರು. ಅದು ನಿಜಕ್ಕೆ ದೂರವಾಗಿರಲಿಲ್ಲವಾದರೂ, ಅಂದಿನ ಉಪಕರಣಗಳ ದೋಷವು ಅಳೆಯಬೇಕಾದ ಕೋನದಷ್ಟೇ ದೊಡ್ಡದಾಗಿದ್ದುದರಿಂದ ಆ ಉತ್ತರವನ್ನು ನೆಚ್ಚುವಂತಿರಲಿಲ್ಲ. ಇನ್ನೂ ಖಚಿತವಾದ ಮಾರ್ಗವು ಬೇಕಾಗಿದ್ದಿತು.

ಲಂಬನವೆಂಬ ಉಪಾಯ

ವಿದ್ಯಾರ್ಥಿಗಳು ತಮ್ಮ ಹೆಬ್ಬೆರಳನ್ನು ಮುಖದ ಎದುರಿಗೆ ಹಿಡಿದು, ಮೊದಲು ಎಡಗಣ್ಣಿನಿಂದಲೂ ಆಮೇಲೆ ಬಲಗಣ್ಣಿನಿಂದಲೂ ನೋಡಲಿ. ಬೆರಳು ಹಿಂದಿನ ಗೋಡೆಯ ಮೇಲೆ ಅತ್ತಿಂದಿತ್ತ ಸರಿದಂತೆ ತೋರುವುದು. ಬೆರಳನ್ನು ದೂರಕ್ಕೆ ಚಾಚಿದಷ್ಟೂ ಈ ಸರಿತವು ಕಡಮೆಯಾಗುವುದು. ನೋಡುವ ಸ್ಥಾನವು ಬದಲಾದುದರಿಂದ ವಸ್ತುವು ಸ್ಥಳ ಬದಲಿಸಿದಂತೆ ಕಾಣುವ ಈ ವ್ಯತ್ಯಾಸಕ್ಕೆ ನಮ್ಮ ಸಿದ್ಧಾಂತ ಗ್ರಂಥಗಳಲ್ಲಿ ಲಂಬನವೆಂದು ಹೆಸರು. ಎರಡು ಕಣ್ಣುಗಳ ನಡುವಣ ಅಂತರವೂ ಲಂಬನದ ಕೋನವೂ ತಿಳಿದರೆ ಬೆರಳಿನ ದೂರವನ್ನು ಲೆಕ್ಕಹಾಕಬಹುದು. ಸೂರ್ಯನ ವಿಷಯದಲ್ಲಿಯೂ ತತ್ತ್ವವು ಇದೇ. ಆದರೆ ಇಲ್ಲಿ ಎರಡು ಕಣ್ಣುಗಳ ಬದಲಾಗಿ ಭೂಮಿಯ ಎರಡು ಕೊನೆಗಳಲ್ಲಿ ಇಬ್ಬರು ವೀಕ್ಷಕರು ನಿಲ್ಲಬೇಕು. ಹಾಗೆ ನಿಂತರೂ ಕಣ್ಣು ಕೋರೈಸುವ ಸೂರ್ಯನ ಸ್ಥಾನವನ್ನು ಗುರುತಿಸಲು ಅವನ ಹಿಂದೆ ನಕ್ಷತ್ರಗಳು ಕಾಣಿಸವು.

ಈ ತೊಡಕನ್ನು ಬಿಡಿಸುವ ಯುಕ್ತಿಯನ್ನು ಜಗತ್ತಿನ ಮುಂದಿಟ್ಟವನು ಇಂಗ್ಲೆಂಡಿನ ಎಡ್ಮಂಡ್ ಹ್ಯಾಲಿ. ತನ್ನ ಹೆಸರಿನ ಧೂಮಕೇತುವಿನಿಂದ ಪ್ರಸಿದ್ಧನಾದ ಈತನು ೧೬೭೭ರಲ್ಲಿ ಸೇಂಟ್ ಹೆಲೀನಾ ದ್ವೀಪದಲ್ಲಿದ್ದಾಗ ಬುಧಗ್ರಹವು ಸೂರ್ಯಬಿಂಬವನ್ನು ದಾಟುವುದನ್ನು ಕಂಡಿದ್ದನು. ಶುಕ್ರನೂ ಹೀಗೆ ದಾಟುವ ಸಂದರ್ಭಗಳುಂಟು. ಆತನು ಬುಧನಿಗಿಂತ ಭೂಮಿಗೆ ಸಮೀಪವಾಗಿರುವುದರಿಂದ ಲಂಬನವೂ ಹೆಚ್ಚು. ಸೂರ್ಯಬಿಂಬವೇ ಹಿಂದಿನ ಗೋಡೆ, ಶುಕ್ರನ ಕಪ್ಪು ಚುಕ್ಕೆಯೇ ಬೆರಳು ಎಂದು ಭಾವಿಸಿದರೆ ಹ್ಯಾಲಿಯ ಯುಕ್ತಿಯು ಅರ್ಥವಾಗುತ್ತದೆ.

ಲೆಕ್ಕವನ್ನು ಸ್ಥೂಲವಾಗಿ ಮಾಡಿ ನೋಡೋಣ. ಸಂಕ್ರಮಣದ ಸಮಯದಲ್ಲಿ ಶುಕ್ರನು ಭೂಮಿಯಿಂದ ೨೮ ಭಾಗ, ಸೂರ್ಯನಿಂದ ೭೨ ಭಾಗ ದೂರದಲ್ಲಿರುವನು. ಉತ್ತರ ದಕ್ಷಿಣವಾಗಿ ೭,೦೦೦ ಮೈಲಿಗಳ ಅಂತರದಲ್ಲಿ ಇಬ್ಬರು ವೀಕ್ಷಕರು ಇದ್ದಾರೆನ್ನೋಣ. ಅವರ ದೃಷ್ಟಿರೇಖೆಗಳು ಶುಕ್ರನಲ್ಲಿ ಕತ್ತರಿಯಂತೆ ಒಂದನ್ನೊಂದು ದಾಟಿ ಸೂರ್ಯನ ಮೇಲೆ ಎರಡು ಬೇರೆ ಬೇರೆ ಬಿಂದುಗಳನ್ನು ಮುಟ್ಟುವುವು. ಸಮರೂಪ ತ್ರಿಭುಜಗಳ ನಿಯಮದಂತೆ ಆ ಬಿಂದುಗಳ ಅಂತರವು ೭,೦೦೦ವನ್ನು ೭೨ರಿಂದ ಗುಣಿಸಿ ೨೮ರಿಂದ ಭಾಗಿಸಿದಷ್ಟು, ಎಂದರೆ ೧೮,೦೦೦ ಮೈಲಿ. ಆದುದರಿಂದ ಇಬ್ಬರಿಗೂ ಶುಕ್ರನು ಸೂರ್ಯಬಿಂಬದ ಎರಡು ಬೇರೆ ಜ್ಯಾರೇಖೆಗಳ ಮೇಲೆ ಸಾಗುವಂತೆ ತೋರುವನು. ಉದ್ದವಾದ ಜ್ಯಾರೇಖೆಯನ್ನು ದಾಟಲು ಹೆಚ್ಚು ಹೊತ್ತು, ಗಿಡ್ಡವಾದುದಕ್ಕೆ ಕಡಮೆ ಹೊತ್ತು. ಈ ಹೊತ್ತುಗಳನ್ನು ಗಡಿಯಾರದಿಂದ ಅಳೆದು, ಭೂಮಿಯು ತನ್ನ ಅಕ್ಷದ ಮೇಲೆ ತಿರುಗುವುದರಿಂದಾಗುವ ವ್ಯತ್ಯಾಸವನ್ನು ಸರಿಪಡಿಸಿದರೆ, ಎರಡು ರೇಖೆಗಳ ಅಂತರವು ಸೂರ್ಯವ್ಯಾಸದ ಎಷ್ಟನೆಯ ಭಾಗವೆಂದು ತಿಳಿಯುವುದು. ಅದು ಸುಮಾರು ೪೮ನೆಯ ಒಂದು ಭಾಗ. ಹಾಗಾದರೆ ಸೂರ್ಯನ ವ್ಯಾಸವು ೮,೬೪,೦೦೦ ಮೈಲಿ. ಸೂರ್ಯಬಿಂಬವು ಆಕಾಶದಲ್ಲಿ ಅರ್ಧ ಡಿಗ್ರಿಗಿಂತ ಸ್ವಲ್ಪ ದೊಡ್ಡದಾಗಿ ಕಾಣುತ್ತದೆ; ಹಾಗೆ ಕಾಣಬೇಕಾದರೆ ಅದು ತನ್ನ ವ್ಯಾಸದ ನೂರ ಏಳೂವರೆ ಪಟ್ಟು ದೂರದಲ್ಲಿರಬೇಕು. ಗುಣಿಸಿದರೆ ದೊರೆಯುವುದು ಸುಮಾರು ೯ ಕೋಟಿ ೩೦ ಲಕ್ಷ ಮೈಲಿ. ಅಳೆಯಲಾರದ ಸೂಕ್ಷ್ಮಕೋನವನ್ನು ಅಳೆಯಬಲ್ಲ ಕಾಲವಾಗಿ ಮಾರ್ಪಡಿಸಿದುದರಲ್ಲಿಯೇ ಹ್ಯಾಲಿಯ ಜಾಣ್ಮೆಯು ಅಡಗಿದೆ.

ಹ್ಯಾಲಿಯ ಕರೆ

ಶುಕ್ರನ ಕಕ್ಷೆಯು ಭೂಮಿಯ ಕಕ್ಷೆಗೆ ಸುಮಾರು ೩.೪ ಡಿಗ್ರಿಗಳಷ್ಟು ಓರೆಯಾಗಿರುವುದರಿಂದ ಅವನು ಸಾಮಾನ್ಯವಾಗಿ ಸೂರ್ಯಬಿಂಬದ ಮೇಲುಗಡೆಯಲ್ಲಿಯೋ ಕೆಳಗಡೆಯಲ್ಲಿಯೋ ಸಾಗಿಹೋಗುವನು. ಮೂವರೂ ಒಂದೇ ನೇರದಲ್ಲಿ ಬರುವುದು ಅತಿ ವಿರಳ. ಎಂಟು ವರ್ಷಗಳ ಅಂತರದಲ್ಲಿ ಎರಡು ಸಂಕ್ರಮಣಗಳು ಜೊತೆಯಾಗಿ ಬರುತ್ತವೆ. ಬಳಿಕ ಒಂದು ಸಲ ನೂರ ಐದೂವರೆ ವರ್ಷ, ಮತ್ತೊಂದು ಸಲ ನೂರ ಇಪ್ಪತ್ತೊಂದೂವರೆ ವರ್ಷ ಕಾಯಬೇಕು. ೧೬೩೯ರ ಸಂಕ್ರಮಣವನ್ನು ಕಂಡವರೆಂದು ದಾಖಲೆಯಿರುವುದು ಇಂಗ್ಲೆಂಡಿನ ತರುಣ ಹಾರಕ್ಸ್ ಮತ್ತು ಅವನ ಗೆಳೆಯ ಕ್ರಾಬ್‌ಟ್ರೀ ಎಂಬ ಇಬ್ಬರು ಮಾತ್ರ.

೧೭೧೬ರಲ್ಲಿ ಹ್ಯಾಲಿಯು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ತನ್ನ ವಿಧಾನವನ್ನು ವಿವರಿಸಿದನು. ಮುಂದಿನ ಸಂಕ್ರಮಣವು ೧೭೬೧ರ ಜೂನ್ ೬ರಂದು. ಆಗ ಅವನು ಬದುಕಿದ್ದರೆ ಅವನಿಗೆ ನೂರ ನಾಲ್ಕು ವರ್ಷ ತುಂಬಿರಬೇಕು. ತಾನು ಅದನ್ನು ನೋಡಲಾರೆನೆಂಬುದನ್ನು ಚೆನ್ನಾಗಿ ಬಲ್ಲವನಾಗಿ, ಮುಂದೆ ಹುಟ್ಟಿ ಬೆಳೆಯುವ ಖಗೋಳಶಾಸ್ತ್ರಜ್ಞರು ಬೇರೆ ಬೇರೆ ದೇಶಗಳಿಗೆ ಹೋಗಿ ಈ ಕಾರ್ಯವನ್ನು ನೆರವೇರಿಸಬೇಕೆಂದು ಅವನು ಕೇಳಿಕೊಂಡನು. ಹಲವು ದೇಶಗಳೆಂದು ಹೇಳಿದುದು ಸಕಾರಣವಾಗಿಯೇ. ಒಂದೂರಿನಲ್ಲಿ ಮೋಡ ಕವಿದರೂ ಇನ್ನೊಂದೂರಿನಲ್ಲಿ ಆಕಾಶವು ತಿಳಿಯಾಗಿದ್ದೀತು. ಅದಕ್ಕಿಂತ ಮುಖ್ಯವಾಗಿ, ಒಂದೇ ಊರಿನಲ್ಲಿ ಕುಳಿತವನು ಎಷ್ಟೇ ದೊಡ್ಡ ಪಂಡಿತನಾದರೂ ಲಂಬನವನ್ನು ಕಾಣಲಾರನು. ೧೭೪೨ರಲ್ಲಿ ಹ್ಯಾಲಿಯು ತೀರಿಕೊಂಡನು. ಪ್ಯಾರಿಸಿನ ಡೆಲಿಲ್ ಎಂಬ ವಿದ್ವಾಂಸನು ಆ ಕರೆಯನ್ನು ಮುಂದಕ್ಕೆ ಕೊಂಡೊಯ್ದು, ಸಂಕ್ರಮಣವು ಎಲ್ಲೆಲ್ಲಿ ಕಾಣುವುದೆಂಬ ಭೂಪಟವನ್ನು ರಚಿಸಿ ದೇಶದೇಶಗಳ ವಿದ್ವಾಂಸರಿಗೆ ಕಳುಹಿಸಿದನು.

ಯುದ್ಧದ ನಡುವೆ ೧೭೬೧

ಹ್ಯಾಲಿಯು ಊಹಿಸಿರದ ಒಂದು ವಿಘ್ನವು ಎದುರಾಯಿತು. ೧೭೫೬ರಿಂದ ೧೭೬೩ರವರೆಗೆ ಇಂಗ್ಲಿಷರಿಗೂ ಫ್ರೆಂಚರಿಗೂ ಯೂರೋಪು, ಅಮೆರಿಕ ಮತ್ತು ಭಾರತಗಳಲ್ಲಿ ಏಳು ವರ್ಷಗಳ ಯುದ್ಧವು ನಡೆಯುತ್ತಿದ್ದಿತು. ಇಂಗ್ಲೆಂಡಿನಿಂದ ಸುಮಾತ್ರಕ್ಕೆ ಹೊರಟ ಮೇಸನ್ ಮತ್ತು ಡಿಕ್ಸನ್ ಎಂಬವರ ಹಡಗು ಬಂದರು ಬಿಟ್ಟ ಸ್ವಲ್ಪ ಕಾಲದಲ್ಲಿಯೇ ಫ್ರೆಂಚ್ ಯುದ್ಧನೌಕೆಯ ದಾಳಿಗೆ ಸಿಲುಕಿತು. ೧೧ ಮಂದಿ ಸತ್ತು ೩೭ ಮಂದಿ ಗಾಯಗೊಂಡರು. ಹಿಂದಿರುಗಿದ ಇಬ್ಬರೂ ಪ್ರಯಾಣವನ್ನು ಬಿಡಬಯಸಿದಾಗ ರಾಯಲ್ ಸೊಸೈಟಿಯು ಕಠಿನವಾದ ಪತ್ರ ಬರೆದು ಅವರನ್ನು ಮತ್ತೆ ಹೊರಡಿಸಿತು. ಸುಮಾತ್ರವನ್ನು ಮುಟ್ಟಲು ಕಾಲವು ಸಾಲದೆ ಅವರು ಆಫ್ರಿಕದ ಗುಡ್‌ಹೋಪ್ ಭೂಶಿರದಲ್ಲಿಯೇ ಇಳಿದು ಯಶಸ್ವಿಯಾಗಿ ವೀಕ್ಷಿಸಿದರು. ಸೇಂಟ್ ಹೆಲೀನಾದಲ್ಲಿದ್ದ ಮ್ಯಾಸ್ಕೆಲಿನನಿಗೆ ಮೋಡವು ಅಡ್ಡಬಂದಿತು.

ಫ್ರಾನ್ಸಿನ ಷಾಪ್ ಎಂಬಾತನು ಸೈಬೀರಿಯದ ಟೊಬೋಲ್ಸ್ಕ್ ನಗರಕ್ಕೆ ಹೊರಟನು. ನದಿಗಳ ಮೇಲಣ ಹಿಮವು ಕರಗುವುದರೊಳಗೆ ಜಾರುಬಂಡಿಗಳಲ್ಲಿ ಸಾವಿರಾರು ಮೈಲಿ ದಾಟಬೇಕಾಗಿದ್ದಿತು. ಹಿಮವು ಒಡೆಯಲು ಕೆಲವೇ ದಿನಗಳಿರುವಾಗ ಅವನು ತಲಪಿದನು. ಆ ವಸಂತದಲ್ಲಿ ಇರ್ತಿಷ್ ನದಿಗೆ ಮಹಾಪೂರ ಬಂದಾಗ, ಸೂರ್ಯನ ಕಡೆಗೆ ಯಂತ್ರವನ್ನು ತಿರುಗಿಸುವ ಈ ಪರದೇಶಿಯೇ ಅದಕ್ಕೆ ಕಾರಣನೆಂದು ಊರಿನವರು ಕೋಪಗೊಂಡರು. ಕಾವಲಿನವರ ನಡುವೆ ನಿಂತು ಅವನು ಸಂಕ್ರಮಣವನ್ನು ಪೂರ್ಣವಾಗಿ ನೋಡಿದನು. ರಷ್ಯದ ಲೊಮೊನೋಸೊವನು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಮಾಡಿದ ವೀಕ್ಷಣೆಯಿಂದ ಶುಕ್ರನಿಗೂ ವಾಯುಮಂಡಲವಿದೆಯೆಂಬ ನಿರ್ಣಯಕ್ಕೆ ಬಂದನು.

ಇಷ್ಟು ವೈರದ ನಡುವೆಯೂ ಗಮನಿಸತಕ್ಕ ಸಂಗತಿಯೊಂದುಂಟು. ಹಿಂದೂಮಹಾಸಾಗರದ ರಾಡ್ರಿಗ್ಸ್ ದ್ವೀಪಕ್ಕೆ ಹೊರಟ ಫ್ರೆಂಚ್ ವಿದ್ವಾಂಸ ಪೆಂಗ್ರೆಗೆ, ಅವನ ಕಾರ್ಯಕ್ಕೆ ಅಡ್ಡಿ ಮಾಡಬಾರದೆಂಬ ರಹದಾರಿ ಪತ್ರವನ್ನು ಬ್ರಿಟಿಷ್ ನೌಕಾಖಾತೆಯೇ ಕೊಟ್ಟಿದ್ದಿತು. ಪತ್ರವು ಅವನನ್ನು ಪೂರ್ಣವಾಗಿ ರಕ್ಷಿಸಲಿಲ್ಲ. ಆ ದ್ವೀಪವು ಇಂಗ್ಲಿಷರ ಕೈವಶವಾಗಿ ಅವನು ಕಷ್ಟಪಡಬೇಕಾಯಿತು. ಆದರೂ ಶತ್ರುವಿನ ಪಂಡಿತನ ಕೆಲಸವು ತನ್ನ ಕೆಲಸವೂ ಆಗಿದೆಯೆಂಬ ಅರಿವು ಆ ಕಾಲದಲ್ಲಿ ಮೂಡಿದ್ದಿತೆಂಬುದಕ್ಕೆ ಆ ಪತ್ರವು ಸಾಕ್ಷಿ.

ಲೆ ಜೆಂಟಿಲನ ಪಾಡು

ನಮ್ಮ ದೇಶಕ್ಕೆ ನೇರವಾಗಿ ಸಂಬಂಧಿಸಿದ ಕಥೆಯು ಫ್ರಾನ್ಸಿನ ಲೆ ಜೆಂಟಿಲನದು. ೧೭೬೦ರ ಮಾರ್ಚಿಯಲ್ಲಿ ಅವನು ಪಾಂಡಿಚೇರಿಯನ್ನು ಗುರಿಯಾಗಿಟ್ಟುಕೊಂಡು ಸ್ವದೇಶವನ್ನು ಬಿಟ್ಟನು. ಮಾರಿಷಸ್ಸಿನಲ್ಲಿ ಎಂಟು ತಿಂಗಳು ತಡೆದು, ಅಲ್ಲಿಂದ ಯುದ್ಧನೌಕೆಯೊಂದನ್ನೇರಿ ೧೭೬೧ರ ಮೇ ತಿಂಗಳಲ್ಲಿ ಮಲಬಾರ್ ಕರಾವಳಿಯನ್ನು ಸಮೀಪಿಸಿದನು. ಕಣ್ಣೂರಿಗೂ ಕಲ್ಲಿಕೋಟೆಗೂ ನಡುವಣ ಮಾಹೆಯು ಇಂಗ್ಲಿಷರ ವಶವಾಗಿದೆ, ಪಾಂಡಿಚೇರಿಯೂ ಬಿದ್ದುಹೋಗಿದೆ ಎಂಬ ವಾರ್ತೆಯು ಅವನಿಗೆ ಅಲ್ಲಿ ತಿಳಿಯಿತು. ನೌಕೆಯು ಹಿಂದಕ್ಕೆ ತಿರುಗಿತು. ಜೂನ್ ೬ರಂದು ಆಕಾಶವು ನಿರ್ಮಲವಾಗಿದ್ದಿತು. ಅವನು ನಡುಗಡಲಿನಲ್ಲಿ ಹಡಗಿನ ಮೇಲಿನಿಂದ ಶುಕ್ರನನ್ನು ಕಂಡನು. ಆದರೆ ಓಲಾಡುವ ಹಡಗಿನಲ್ಲಿ ಲೋಲಕದ ಗಡಿಯಾರವು ನಡೆಯದು. ತಾನಿರುವ ರೇಖಾಂಶವೂ ನಿಖರವಾಗಿ ತಿಳಿಯದು. ಆ ನೋಟದಿಂದ ಶಾಸ್ತ್ರಕ್ಕೆ ಪ್ರಯೋಜನವಾಗಲಿಲ್ಲ. ಅದೇ ದಿನ ಮದ್ರಾಸಿನಲ್ಲಿ ಪಾದ್ರಿ ವಿಲಿಯಂ ಹರ್ಸ್ಟನು ನೆಲದ ಮೇಲೆ ನಿಂತು ಸಂಕ್ರಮಣವನ್ನು ವೀಕ್ಷಿಸಿದನು.

ಲೆ ಜೆಂಟಿಲನು ಊರಿಗೆ ಮರಳದೆ ಎಂಟು ವರ್ಷ ಕಾದು ೧೭೬೯ರ ಸಂಕ್ರಮಣವನ್ನು ನೋಡುವೆನೆಂದು ನಿಶ್ಚಯಿಸಿದನು. ನಡುವಣ ಕಾಲದಲ್ಲಿ ಮಡಗಾಸ್ಕರ್ ಮುಂತಾದ ದ್ವೀಪಗಳನ್ನು ಪರಿಶೀಲಿಸಿದನು. ಮನಿಲಾ ನಗರಕ್ಕೆ ಹೋದನು. ಅಲ್ಲಿಯ ಸ್ಪ್ಯಾನಿಷ್ ಅಧಿಕಾರಿಯ ಸಂಶಯಕ್ಕೆ ಗುರಿಯಾಗಿ, ೧೭೬೮ರ ಮಾರ್ಚಿಯಲ್ಲಿ ಪಾಂಡಿಚೇರಿಗೆ ಬಂದನು. ಯುದ್ಧವು ಮುಗಿದು ಆ ಪಟ್ಟಣವು ಮತ್ತೆ ಫ್ರೆಂಚರಿಗೆ ದೊರೆತಿದ್ದಿತು. ಹಾಳುಬಿದ್ದ ಕೋಟೆಯ ಮೇಲೆ ಅವನು ವೀಕ್ಷಣಾಲಯವನ್ನು ಕಟ್ಟಿಸಿದನು. ಮದ್ರಾಸಿನ ಇಂಗ್ಲಿಷರು ಅವನಿಗೆ ಉತ್ತಮವಾದ ದೂರದರ್ಶಕವೊಂದನ್ನು ಕಳುಹಿಸಿಕೊಟ್ಟರು. ಹಿಂದಿನ ಸಲ ಅವನ ದಾರಿಯನ್ನು ಕಟ್ಟಿದ ಜನರೇ ಈ ಸಲ ಅವನ ಕೈಗೆ ಕಣ್ಣನ್ನು ಕೊಟ್ಟರು.

ಕಾಯುವ ತಿಂಗಳುಗಳಲ್ಲಿ ಅವನು ತಮಿಳು ಪಂಚಾಂಗದವರಿಂದ ನಮ್ಮ ಗಣಿತಪದ್ಧತಿಯನ್ನು ಕಲಿತನು. ಅವರು ಕವಡೆಗಳನ್ನಿಟ್ಟು ಶೀಘ್ರವಾಗಿ ಲೆಕ್ಕ ಮಾಡುವುದನ್ನು ಕಂಡು ಬೆರಗಾದನು. ೧೭೬೫ರ ಆಗಸ್ಟ್ ೩೦ರ ಚಂದ್ರಗ್ರಹಣದ ಅವಧಿಯನ್ನು ಅವರ ರೀತಿಯಲ್ಲಿ ಗಣಿಸಿದಾಗ ವ್ಯತ್ಯಾಸವು ಕೇವಲ ೪೧ ಸೆಕೆಂಡು. ಯೂರೋಪಿನಲ್ಲಿ ಶ್ರೇಷ್ಠವೆನಿಸಿದ್ದ ಮೇಯರನ ಕೋಷ್ಟಕಗಳಿಂದ ಬಂದ ವ್ಯತ್ಯಾಸವು ೬೮ ಸೆಕೆಂಡು. ಇದನ್ನು ಅವನು ಮುಚ್ಚಿಡದೆ ದಾಖಲಿಸಿದನು.

೧೭೬೯ರ ಜೂನ್ ೪ರ ಬೆಳಗು ಬಂದಿತು. ಹಿಂದಿನ ದಿನಗಳೆಲ್ಲ ತಿಳಿಯಾಗಿದ್ದ ಆಕಾಶವು ಸೂರ್ಯೋದಯದ ಹೊತ್ತಿಗೆ ಮೋಡಗಳಿಂದ ಮುಚ್ಚಿಹೋಯಿತು. ಸಂಕ್ರಮಣವು ಮುಗಿದ ಸ್ವಲ್ಪ ಹೊತ್ತಿಗೆ ಬಿಸಿಲು ಬಂದಿತು. ಅವನು ಬಿಟ್ಟುಬಂದಿದ್ದ ಮನಿಲಾದಲ್ಲಿ ಆಕಾಶವು ಶುಭ್ರವಾಗಿದ್ದಿತು. ಎರಡು ವಾರಗಳಿಗೂ ಮೀರಿ ಲೇಖನಿಯನ್ನು ಹಿಡಿಯುವ ಧೈರ್ಯವೂ ಅವನಿಗೆ ಉಳಿಯಲಿಲ್ಲ. ೧೭೭೧ರಲ್ಲಿ ಊರನ್ನು ಸೇರಿದಾಗ ಅವನು ಸತ್ತನೆಂದು ಭಾವಿಸಿ ಬಂಧುಗಳು ಆಸ್ತಿಯನ್ನು ಹಂಚಿಕೊಳ್ಳುವುದರಲ್ಲಿದ್ದರು. ವಿದ್ವತ್ಸಂಸ್ಥೆಯಲ್ಲಿ ಅವನ ಸ್ಥಾನವೂ ಬೇರೊಬ್ಬನಿಗೆ ಹೋಗಿದ್ದಿತು. ಮುಂದೆ ಅವನು ಆ ಸ್ಥಾನವನ್ನು ಮರಳಿ ಪಡೆದು, ವಿವಾಹವಾಗಿ, ತನ್ನ ಪ್ರವಾಸದ ಎರಡು ಸಂಪುಟಗಳನ್ನು ಪ್ರಕಟಿಸಿ, ೧೭೯೨ರವರೆಗೆ ಬಾಳಿದನು.

೧೭೬೯: ಧ್ರುವಪ್ರದೇಶದಿಂದ ತಹೀತಿಯವರೆಗೆ

ಎರಡನೆಯ ಸಂಕ್ರಮಣಕ್ಕೆ ಸಿದ್ಧತೆಯು ಇನ್ನೂ ವಿಸ್ತಾರವಾಗಿ ನಡೆಯಿತು. ಇಂಗ್ಲೆಂಡಿನಿಂದ ಕ್ಯಾಪ್ಟನ್ ಜೇಮ್ಸ್ ಕುಕ್ಕನು ‘ಎಂಡೆವರ್’ ಹಡಗಿನಲ್ಲಿ ಶಾಂತಸಾಗರದ ತಹೀತಿ ದ್ವೀಪಕ್ಕೆ ಹೋದನು. ವಿಲಿಯಂ ವೇಲ್ಸನು ಹಡ್ಸನ್ ಕೊಲ್ಲಿಯ ದಡದಲ್ಲಿ ಹಿಮಗಟ್ಟುವ ಚಳಿಗಾಲವನ್ನು ಪೂರ್ತಿಯಾಗಿ ಕಳೆದು ಕಾದನು. ಡೆನ್ಮಾರ್ಕಿನ ದೊರೆಯ ಆಹ್ವಾನದ ಮೇಲೆ ವಿಯೆನ್ನಾದ ಪಾದ್ರಿ ಹೆಲ್ಲನು ನಾರ್ವೆಯ ಉತ್ತರದ ತುದಿಯಲ್ಲಿರುವ ವಾರ್ಡೊ ದ್ವೀಪದಲ್ಲಿ ಬೀಡುಬಿಟ್ಟನು. ಸೈಬೀರಿಯದಿಂದ ಬದುಕಿ ಬಂದಿದ್ದ ಷಾಪನು ಈ ಸಲ ಕ್ಯಾಲಿಫೋರ್ನಿಯದ ದಕ್ಷಿಣ ತುದಿಗೆ ಹೋದನು. ಅಲ್ಲಿ ಸಾಂಕ್ರಾಮಿಕ ಜ್ವರವು ಹಬ್ಬಿದ್ದಿತು. ಅವನು ಜೂನ್ ೩ರಂದು ಸಂಕ್ರಮಣವನ್ನೂ, ಆ ಊರಿನ ರೇಖಾಂಶವನ್ನು ಗೊತ್ತುಮಾಡಲೆಂದು ಜೂನ್ ೧೮ರ ಚಂದ್ರಗ್ರಹಣವನ್ನೂ ನೋಡಿ ಮುಗಿಸಿ, ಆಗಸ್ಟ್ ೧ರಂದು ಜ್ವರದಿಂದ ಮೃತನಾದನು. ಬದುಕುಳಿದ ಸಂಗಡಿಗನು ಅವನ ದಾಖಲೆಗಳನ್ನು ಪ್ಯಾರಿಸಿಗೆ ಮುಟ್ಟಿಸಿದನು.

ತಹೀತಿಯಲ್ಲಿ ಆಕಾಶವು ನಿರ್ಮಲವಾಗಿದ್ದಿತು. ಆದರೂ ಶುಕ್ರನು ಸೂರ್ಯಬಿಂಬದ ಅಂಚನ್ನು ಬಿಡುವ ಕ್ಷಣದಲ್ಲಿ ಎರಡನ್ನೂ ಕೂಡಿಸುವ ಕಪ್ಪು ತೊಟ್ಟೊಂದು ಎಳೆದುಕೊಂಡಂತೆ ಕಂಡುದರಿಂದ, ಸ್ಪರ್ಶದ ನಿಜವಾದ ಕ್ಷಣವು ಯಾವುದೆಂದು ನಿಶ್ಚಯಿಸುವುದು ಕಷ್ಟವಾಯಿತು. ಪಕ್ಕಪಕ್ಕದಲ್ಲಿ ನಿಂತಿದ್ದ ಕುಕ್ಕನಿಗೂ ಖಗೋಳಜ್ಞ ಗ್ರೀನನಿಗೂ ಕಾಲದಲ್ಲಿ ವ್ಯತ್ಯಾಸ ಬಂದಿತು. ದೂರದರ್ಶಕದ ಮಸುಕೂ ಸೂರ್ಯಬಿಂಬದ ಕಾಂತಿಯು ಅಂಚಿನಲ್ಲಿ ಕುಂದುವುದೂ ಈ ತೊಟ್ಟಿಗೆ ಕಾರಣವೆಂದು ಈಗ ತಿಳಿದಿದೆ. ಒಬ್ಬರ ಕಾಲವನ್ನು ಇನ್ನೊಬ್ಬರದಕ್ಕೆ ಹೊಂದಿಸಿ ತಿದ್ದಿಬಿಡುವುದು ಸುಲಭವಾಗಿದ್ದಿತು. ಅವರು ಹಾಗೆ ಮಾಡದೆ ಕಂಡುದನ್ನು ಕಂಡಂತೆಯೇ ಬರೆದಿಟ್ಟರು. ಹೆಲ್ಲನ ಮೇಲೆ ಮಾತ್ರ, ಅವನು ತನ್ನ ಅಂಕಿಗಳನ್ನು ತಿದ್ದಿದನೆಂಬ ಆರೋಪವು ಹತ್ತೊಂಬತ್ತನೆಯ ಶತಮಾನದಲ್ಲಿ ಹುಟ್ಟಿತು. ೧೮೮೩ರಲ್ಲಿ ಅಮೆರಿಕದ ನ್ಯೂಕೋಂಬನು ಮೂಲ ಹಸ್ತಪ್ರತಿಯನ್ನು ಪರೀಕ್ಷಿಸಿ ಆ ಅಪವಾದವನ್ನು ತೊಡೆದುಹಾಕಿದನು. ಸತ್ತು ತೊಂಬತ್ತು ವರ್ಷಗಳಾದ ಮೇಲೂ ಒಬ್ಬನ ಟಿಪ್ಪಣಿಯ ಪುಸ್ತಕವು ಅವನ ಮಾನವನ್ನು ಕಾಪಾಡಿತೆಂಬುದನ್ನು ಪ್ರಯೋಗಶಾಲೆಯಲ್ಲಿ ದಾಖಲೆ ಬರೆಯುವ ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು.

ಪಡೆದ ಫಲ

೧೭೬೧ರ ವೀಕ್ಷಣೆಗಳಿಂದ ಬಂದ ಉತ್ತರಗಳಲ್ಲಿ ಅತಿ ಕಡಮೆಯದಕ್ಕೂ ಅತಿ ಹೆಚ್ಚಿನದಕ್ಕೂ ಸುಮಾರು ೨ ಕೋಟಿ ಮೈಲಿಗಳ ಅಂತರವಿದ್ದಿತು. ೧೭೬೯ರಲ್ಲಿ ವಾರ್ಡೊದಲ್ಲಿ ಸಂಕ್ರಮಣವು ತಹೀತಿಯಲ್ಲಿ ಹಿಡಿದುದಕ್ಕಿಂತ ಸುಮಾರು ೨೩ ನಿಮಿಷ ಹೆಚ್ಚು ಕಾಲ ಹಿಡಿದಿದ್ದಿತು. ಹ್ಯಾಲಿಯು ಬಯಸಿದ್ದ ವ್ಯತ್ಯಾಸವು ಇದೇ. ೧೭೭೧ರಲ್ಲಿ ಆಕ್ಸ್‌ಫರ್ಡಿನ ಹಾರ್ನ್ಸ್‌ಬಿಯು ಬೇರೆ ಬೇರೆ ಸ್ಥಳಗಳ ಅಂಕಿಗಳನ್ನು ಕೂಡಿಸಿ ಗಣಿಸಿ, ಸೂರ್ಯನ ದೂರವು ೯,೩೭,೨೬,೯೦೦ ಮೈಲಿಗಳೆಂದು ಸಾರಿದನು. ರೇಡಾರ್ ಮುಂತಾದ ಸಾಧನಗಳಿಂದ ಇಂದು ನಾವು ತಿಳಿದಿರುವ ದೂರವು ಸುಮಾರು ೯ ಕೋಟಿ ೨೯ ಲಕ್ಷ ೫೬ ಸಾವಿರ ಮೈಲಿ. ನೂರಕ್ಕೆ ಒಂದರಷ್ಟೂ ತಪ್ಪಿಲ್ಲ. ಮರದ ಹಡಗು, ಲೋಲಕದ ಗಡಿಯಾರ, ಕೈಯಳತೆಯ ದೂರದರ್ಶಕ ಇವುಗಳಿಂದ ಸಾಧಿಸಿದ ಈ ನಿಖರತೆಯು ಆಶ್ಚರ್ಯಕರವಾದುದು.

ಈ ಪ್ರಯಾಣಗಳೆಲ್ಲವೂ ಕೇವಲ ಜ್ಞಾನಾರ್ಥವಾಗಿಯೇ ನಡೆದುವೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ದಕ್ಷಿಣದ ಹೊಸ ಭೂಖಂಡವನ್ನು ಹುಡುಕಬೇಕೆಂಬ ಗುಪ್ತವಾದ ಆಜ್ಞಾಪತ್ರವು ಕುಕ್ಕನ ಬಳಿ ಇದ್ದಿತು. ನೌಕಾಬಲ ಮತ್ತು ವಸಾಹತುಗಳ ಆಸೆಯು ದೊರೆಗಳ ಧನಸಹಾಯದ ಹಿಂದೆ ಇದ್ದಿತು. ಅದರ ದುಷ್ಫಲವನ್ನು ತಹೀತಿಯಂಥ ನಾಡುಗಳ ಜನರು ಮುಂದೆ ಉಣ್ಣಬೇಕಾಯಿತು. ಆದರೆ ಅಂಕಿಗಳನ್ನು ಒಟ್ಟುಗೂಡಿಸುವ ಮೇಜಿನ ಮೇಲೆ ಇಂಗ್ಲಿಷರು, ಫ್ರೆಂಚರು, ರಷ್ಯನರು, ಡೇನರು ಎಂಬ ಭೇದವು ಉಳಿಯುವಂತಿರಲಿಲ್ಲ. ಒಬ್ಬರ ಅಂಕಿಯು ಇನ್ನೊಬ್ಬರ ಅಂಕಿಯಿಲ್ಲದೆ ನಿರರ್ಥಕ. ಗಣಿತವೇ ಅವರನ್ನು ಸಹಕಾರಕ್ಕೆ ಕಟ್ಟಿಹಾಕಿತು.

ಈ ಕಥೆಯಲ್ಲಿ ಕನ್ನಡಕ್ಕೂ ಒಂದು ಸ್ಥಾನವಿದೆ. ಮುಂದಿನ ಸಂಕ್ರಮಣವು ೧೮೭೪ರ ಡಿಸೆಂಬರ್ ೯ರಂದು ಬಂದಾಗ, ಮದ್ರಾಸು ವೀಕ್ಷಣಾಲಯದ ಪ್ರಥಮ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರ್ಯರು ಅದನ್ನು ಜನಸಾಮಾನ್ಯರಿಗೆ ವಿವರಿಸುವ ಪುಸ್ತಿಕೆಯನ್ನು ಸಂವಾದದ ರೂಪದಲ್ಲಿ ಬರೆದರು. ಇಂಗ್ಲಿಷಿನೊಂದಿಗೆ ದೇಶಭಾಷೆಗಳಲ್ಲಿಯೂ ಹೊರಬಂದ ಆ ಪುಸ್ತಿಕೆಯು ಕನ್ನಡದಲ್ಲಿಯೂ ಅಚ್ಚಾಯಿತು. ಸೂರ್ಯನ ಲಂಬನವನ್ನು ಕನ್ನಡದಲ್ಲಿ ತಿಳಿಯಹೇಳಲು ಆಗದೆಂಬ ಸಂಶಯವು ಆ ಹಿರಿಯರಿಗೆ ಇರಲಿಲ್ಲ. ತಾಯ್ನುಡಿಯಲ್ಲಿ ವಿಜ್ಞಾನವನ್ನು ಓದುವ ಗಡಿನಾಡಿನ ಮಕ್ಕಳಿಗೂ ಆ ಸಂಶಯವು ಬೇಡ.

೨೦೦೪ರ ಜೂನ್ ೮ ಮತ್ತು ೨೦೧೨ರ ಜೂನ್ ೬ರ ಸಂಕ್ರಮಣಗಳು ನಮ್ಮ ದೇಶದಲ್ಲಿಯೂ ಕಾಣಿಸಿದುವು. ಇನ್ನು ಬರುವುದು ೨೧೧೭ರ ಡಿಸೆಂಬರಿನಲ್ಲಿ. ಇಂದು ಈ ಪುಟವನ್ನು ಓದುವವರಲ್ಲಿ ಬಹುಮಂದಿ ಅದನ್ನು ಕಾಣಲಾರರು. ಹ್ಯಾಲಿಯೂ ತಾನು ಲೆಕ್ಕಹಾಕಿದ ಸಂಕ್ರಮಣವನ್ನು 
ಕಾಣಲಿಲ್ಲ. ಆದರೆ ಅವನು ಬರೆದುದು ಸ್ಪಷ್ಟವಾಗಿದ್ದಿತು, ಬಲ್ಲವರ ಕೈಸೇರಿದ್ದಿತು. ಆದುದರಿಂದ ಅವನ ಕೆಲಸವು ಅವನ ಮರಣದ ಹತ್ತೊಂಬತ್ತು ವರ್ಷಗಳ ಬಳಿಕ ಆರಂಭವಾಯಿತು. ಕಲಿತುದನ್ನು ತಪ್ಪಿಲ್ಲದೆ ಬರೆದಿಡುವುದು, ಕಂಡುದನ್ನು ಕಂಡಂತೆ ಹೇಳುವುದು, ಅದನ್ನು ಮುಂದಿನವರ ಕೈಗೆ ದಾಟಿಸುವುದು, ಈ ಮೂರನ್ನು ರೂಢಿಸಿಕೊಂಡ ವಿದ್ಯಾರ್ಥಿಯು ಯಾವ ಸಣ್ಣ ಊರಿನ ಶಾಲೆಯಲ್ಲಿ ಕುಳಿತಿದ್ದರೂ ಆ ದೊಡ್ಡ ಕಾರ್ಯದಲ್ಲಿ ಪಾಲುಗಾರನೇ ಸರಿ.